ಮೂರನೇ ಫ್ಲಾಪಿ

ಮೊದಲನೆಯ ಫ್ಲಾಪಿ ಕಂಪ್ಯೂಟರಿಗೆ ಸಲೀಸಾಗಿ ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಮೆಷಿನ್ನು ಗಂಟಲಲ್ಲಿ ಮೂಳೆ ಸಿಕ್ಕಿಕೊಂಡವರ ಹಾಗೆ ಕರಕರ ಕೆರೆದುಕೊಂಡು ನಿಂತುಬಿಟ್ಟಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು ಬಂತು. ಓದಲಾಗುತ್ತಿಲ್ಲ, ಕೈಬಿಡಬೇಕಾದರೆ ಎ ಒತ್ತು, ಮತ್ತೆ ನೋಡಬೇಕಾದರೆ ಆರ್ ಒತ್ತು, ಲೆಕ್ಕಿಸದೆ ಮುಂದೆ ಹೋಗಬೇಕಾದರೆ ಐ ಒತ್ತು.

ಸಂಪಂಗಿ ಆರ್ ಒತ್ತಿದ. ಕೆರೆತ. ಮತ್ತೆ ಆರ್. ಮತ್ತೆ ಕೆರೆತ. ಹತ್ತು ಸಲ ಒತ್ತಿದರೂ ಅದೇ ಸಾಲು, ಅದೇ ಜಾಗ.

ಅದು ವಿಜಯನಗರದಲ್ಲಿ ರಾಜ್ಯ ಯಂತ್ರ ಸುರಕ್ಷತಾ ಮಂಡಳಿಯ ಪಶ್ಚಿಮ ವಿಭಾಗದ ಕಚೇರಿ. ಈ ಕಡೆಯ ಕಾರ್ಖಾನೆಗಳಲ್ಲಿ ಎಲ್ಲೆಲ್ಲಿ ಬಾಯ್ಲರ್ ಉರಿಯುತ್ತದೋ ಅಲ್ಲೆಲ್ಲ ವರ್ಷಕ್ಕೊಮ್ಮೆ ಬೆಂಕಿ ಆರಿಸಿ, ತಣ್ಣಗಾಗಿಸಿ, ಒಳಗೆ ತಲೆ ಹಾಕಿ ನೋಡಿ, ಇನ್ನೊಂದು ವರ್ಷ ಉರಿಸಬಹುದು ಎಂದು ಚೀಟಿ ಕೊಡುವವರು ಇವರು. ಯಾವ ಬಾಯ್ಲರಿನ ಸರದಿ ಯಾವಾಗ ಎಂಬುದನ್ನು ಇಷ್ಟು ವರ್ಷ ಒಂದು ದಪ್ಪ ರಿಜಿಸ್ಟರು ಹೇಳುತ್ತಿತ್ತು. ಈ ಎಂಬತ್ತೆಂಟನೆಯ ಇಸವಿಯಿಂದ ಕಂಪ್ಯೂಟರು ಹೇಳಬೇಕೆಂದು ಆದೇಶವಾಗಿತ್ತು. ರಿಜಿಸ್ಟರಿಗೆ ಅರಗಿನ ಮೊಹರು ಹಾಕಿ ಜನವರಿಯಲ್ಲೇ ರೆಕಾರ್ಡ್ ರೂಮಿಗೆ ಸಾಗಿಸಿದ್ದರು. ಹೊಸದು ಹುಟ್ಟುವ ಮೊದಲೇ ಹಳೆಯದನ್ನು ಹೂತುಹಾಕುವ ಬುದ್ಧಿ ಸರ್ಕಾರಕ್ಕಲ್ಲದೆ ಇನ್ನಾರಿಗೆ ಬಂದೀತು.

ಸಂಪಂಗಿ ಕಂಪ್ಯೂಟರು ಮಾರಿದ ಕಂಪನಿಯ ಮೆಕ್ಯಾನಿಕ್ಕು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆರಳು ಸುಟ್ಟುಕೊಂಡು ಕಲಿತವನು. ಟೈ ಕಟ್ಟಿದ ಇಂಜಿನಿಯರುಗಳು ಡೆಮೋ ತೋರಿಸಿ, ಬಾದಾಮಿ ಹಾಲು ಕುಡಿದು ಹೋಗಿದ್ದರು. ಹತ್ತೊಂಬತ್ತು ವಿಭಾಗದ ಕಚೇರಿಗಳಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಸಾಫ್ಟ್‌ವೇರ್ ಇಳಿಸಿ ಬರುವ ಪಾಡು ಇವನದು.

"ಊಟದ ಹೊತ್ತಾಯ್ತಲ್ಲಪ್ಪಾ. ಇಳೀತಾ?" ಎಂದರು ಸೂಪರಿಂಟೆಂಡೆಂಟ್ ನಂಜುಂಡಪ್ಪ. ಕಚೇರಿಯಲ್ಲಿ ಅವರದೇ ರಾಜ್ಯಭಾರ.

"ಮೂರನೇದು ಓದ್ತಾ ಇಲ್ಲ ಸಾರ್. ಬಾಯ್ಲರ್ ಪಟ್ಟಿ ಇರೋದು ಅದರಲ್ಲೇ. ಹೆಡ್ ಆಫೀಸಿಂದ ಬೇರೆ ಫ್ಲಾಪಿ ತರಿಸ್ಬೇಕು."

"ಬೇರೆ ಅಂದ್ರೆ ಬೇಕು ಅಂತ ಇಂಡೆಂಟು ಬರೀಬೇಕು. ಇಂಡೆಂಟು ಅಂದ್ರೆ ಮೇ ತಿಂಗಳು. ಪೂರ್ತಿಯಾಯ್ತು ಅನ್ನೋ ವರದಿ ಇವತ್ತು ಸಂಜೆ ಹೋಗ್ಬೇಕು ಕಣಯ್ಯಾ. ತುಮಕೂರಲ್ಲಿ ಏನ್ ಮಾಡ್ದೆ?"

"ಅಲ್ಲೂ ಹಿಂಗೇ ಆಯ್ತು. ಐ ಒತ್ತಿದೆ."

"ಒತ್ತಿದ್ರೆ?"

"ಓದಕ್ಕಾಗ್ದೇ ಇರೋ ಜಾಗ ಬಿಟ್ಟು ಮಿಕ್ಕಿದ್ದು ಇಳಿಯುತ್ತೆ."

"ಮತ್ತೆ ಇಷ್ಟೊತ್ತು ಯಾಕೆ ಕೆರೀತಾ ಕೂತಿದೀಯ? ಒತ್ತು ರಾಜಾ. ಕೋಸಂಬರೀಲಿ ನಾಕು ಕಾಳು ಕಮ್ಮಿಯಾದ್ರೆ ಯಾರು ಎಣಿಸ್ತಾರೆ."

ಸಂಪಂಗಿ ಒತ್ತಿದ. ಮೆಷಿನ್ನು ಒಂದು ಸಲ ಗೊರಗುಟ್ಟಿ, ಏನನ್ನೋ ಬಿಟ್ಟು, ಮುಂದೆ ಓಡಿತು. ಇನ್‌ಸ್ಟಲೇಷನ್ ಪೂರ್ತಿಯಾಯಿತು ಎಂದು ಪರದೆ ಹೇಳಿತು. ನಂಜುಂಡಪ್ಪ ವರದಿ ಮುಂದಿಟ್ಟರು. ಕಂಪನಿಯ ಪರವಾಗಿ ಎಂಬ ಜಾಗದಲ್ಲಿ ಸಂಪಂಗಿ ರುಜು ಹಾಕಿದ. ಹೀಗೆ ಹಾಕಿದ್ದು ಅದು ಹತ್ತೊಂಬತ್ತನೆಯ ಸಲ.

ರಾತ್ರಿ ಕಾಮಾಕ್ಷಿಪಾಳ್ಯದ ಮನೆಯಲ್ಲಿ ಪಾಳಿ ಮುಗಿಸಿ ಬಂದ ಅಕ್ಕ ಅಂಜಮ್ಮ ಮುದ್ದೆ ಮುರಿಯುತ್ತ ಕೂತಿದ್ದಳು. ತಾಯಿ ಸತ್ತಾಗ ಸಂಪಂಗಿಗೆ ಆರು ವರ್ಷ, ಅವಳಿಗೆ ಹದಿನೈದು. ಅವತ್ತಿನಿಂದ ಅವಳು ದುಡಿದದ್ದರಲ್ಲೇ ಇವನು ಬೆಳೆದದ್ದು. ಕಾಮಾಕ್ಷಿಪಾಳ್ಯದಲ್ಲೇ, ಮಾಗಡಿ ರಸ್ತೆಯಿಂದ ಒಳಗೆ, ಒಂದು ನೂಲು ಬಣ್ಣದ ಕಾರ್ಖಾನೆಯಲ್ಲಿ ಕುದಿಯುವ ತೊಟ್ಟಿಗೆ ನೂಲಿನ ಲಡಿ ಅದ್ದುವುದು ಅವಳ ಕೆಲಸ. ಬೆರಳುಗಳು ಒಂದು ವಾರ ಕೆಂಪು, ಒಂದು ವಾರ ನೀಲಿ.

"ಇವತ್ತು ನಮ್ ಬಾಯ್ಲರು ಕೊರಗ್ತಾ ಇತ್ತು ಕಣೋ," ಎಂದಳು.

"ಕೊರಗೋದು ಅಂದ್ರೆ?"

"ಹೆರಿಗೆ ನೋವು ಬಂದೋಳು ಹಲ್ಲು ಕಚ್ಕೊಂಡು ಅಳ್ತಾಳಲ್ಲ, ಹಂಗೆ. ಹೊಟ್ಟೆ ಕೆಳಗಡೆ ತುಕ್ಕು ನೀರು ತೊಟ್ಟಿಕ್ತಾ ಐತೆ. ಬೆಟ್ಟಯ್ಯ ಅದಕ್ಕೆ ಹಗ್ಗ ಸುತ್ತವ್ನೆ."

ಬೆಟ್ಟಯ್ಯ ಎಂದರೆ ಅಲ್ಲಿ ಬಾಯ್ಲರಿಗೆ ಸೌದೆ ಹಾಕುವ ಮುದುಕ.

"ಸಾಹುಕಾರ್ರು ಏನಂತಾರೆ?"

"ಪ್ರತಿ ವರ್ಷ ಸಂಕ್ರಾಂತಿ ಆಗ್ತಿದ್ದಂಗೆ ಸರ್ಕಾರದಿಂದ ನೋಟೀಸ್ ಬರೋದು. ಆಮೇಲೆ ಇನ್ಸ್‌ಪೆಕ್ಟ್ರು ಬಂದು ಆರಿಸ್ಸಿ ನೋಡೋರು, ಹೋದ್ ವರ್ಷ ಎರಡು ಪೈಪು ಬದಲಾಯಿಸ್ಸಿದ್ರು. ಈ ಸಲ ಯುಗಾದಿ ಬಂದ್ರೂ ಯಾರೂ ಬಂದಿಲ್ಲ. ನೋಟೀಸ್ ಬರ್ಲಿ, ಆರಿಸಾಣ, ಸುಮ್ನೆ ಯಾಕೆ ಮೂರು ದಿನ ಕೆಲಸ ಕೆಡಿಸ್ಕೋಬೇಕು ಅಂತಾರೆ ಸಾಹುಕಾರ್ರು. ಯಾಕೋ, ಊಟ ಬಿಟ್ಟು ಎದ್ದೆ?"

"ಬಾಯ್ಲರಿಗೂ ನಿನ್ ತೊಟ್ಟಿಗೂ ಎಷ್ಟು ದೂರ ಅಕ್ಕಾ?"

"ಎಂಟು ಅಡಿ. ಚಳೀಗಾಲದಲ್ಲಿ ಬೆಚ್ಚಗಿರ್ತದೆ," ಎಂದಳು ಅಂಜಮ್ಮ.

ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಸಂಪಂಗಿ ವಿಜಯನಗರದ ಕಚೇರಿಯ ಮುಂದಿದ್ದ. ಯಾರನ್ನೂ ಕೇಳದೆ ಮೆಷಿನ್ನು ಹಾಕಿ ಪಟ್ಟಿ ತೆರೆದ. ಬಾಯ್ಲರುಗಳ ನಂಬರು ಒಂದರ ಕೆಳಗೊಂದು ಶಿಸ್ತಾಗಿ ಇಳಿಯುತ್ತಿದ್ದವು. ನಾನೂರ ಆರು, ನಾನೂರ ಏಳು, ನಾನೂರ ಎಂಟು. ಅದಾದ ಮೇಲೆ ನಾನೂರ ಐವತ್ತು. ನಡುವೆ ಒಂದು ಖಾಲಿ ಸಾಲು ಕೂಡ ಇರಲಿಲ್ಲ. ನಲವತ್ತೊಂದು ಬಾಯ್ಲರುಗಳು ಹೋಗಿದ್ದವು. ಬಿದ್ದ ಹಲ್ಲಿನ ಜಾಗವಾದರೂ ಕಾಣುತ್ತದೆ. ಇಲ್ಲಿ ಒಸಡೇ ಕೂಡಿಕೊಂಡುಬಿಟ್ಟಿತ್ತು.

ಕಾಮಾಕ್ಷಿಪಾಳ್ಯ ಎಂಬ ಹೆಸರನ್ನು ಹುಡುಕಿದ. ಇಡೀ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ನಂಜುಂಡಪ್ಪ ಬಂದು, ಕೊಡೆ ಮೂಲೆಗಿಟ್ಟು, ದೇವರ ಪಟಕ್ಕೆ ಕೈ ಮುಗಿದು, ಆಮೇಲೆ ಕೇಳಿಸಿಕೊಂಡರು.

"ಸಾರ್, ಆ ಹಳೇ ರಿಜಿಸ್ಟರ್ ತೆಗೆಸಿ. ಒಂದು ಗಂಟೆ ಕೆಲಸ."

"ಮೊಹರಾಗಿದೆ. ಒಡೀಬೇಕಂದ್ರೆ ಡೆಪ್ಯುಟಿ ಡೈರೆಕ್ಟರ್ ಆರ್ಡರ್ ಬೇಕು."

"ಇನ್ಸ್‌ಪೆಕ್ಟರನ್ನಾದ್ರೂ ಕಳಿಸಿ. ಒಂದೇ ಒಂದು ಬಾಯ್ಲರು. ಅಡ್ರೆಸ್ ನಾನು ಕೊಡ್ತೀನಿ."

"ಪಟ್ಟೀಲಿ ಇಲ್ಲದ ಬಾಯ್ಲರಿಗೆ ಜೀಪು ಹೊರಡಿಸಿದ್ರೆ ನಾಳೆ ಆಡಿಟ್ನೋರು ನನ್ನನ್ನ ಹುರೀತಾರೆ. ಅಲ್ಲಯ್ಯಾ, ಪೂರ್ತಿ ಇಳಿದಿದೆ ಅಂತ ನಿನ್ನೆ ರುಜು ಹಾಕಿದ್ದು ಯಾರು? ನಿಮ್ಮಪ್ಪನಾ?"

ಒತ್ತಿದ್ದೂ ಸಂಪಂಗಿಯೇ, ರುಜು ಹಾಕಿದ್ದೂ ಅವನೇ. ಮೂರನೇ ಫ್ಲಾಪಿಯನ್ನು ಕಿತ್ತುಕೊಂಡು ಬಸ್ಸು ಹತ್ತಿದ.

ರಾಜಾಜಿನಗರದ ಹೆಡ್ ಆಫೀಸಿನಲ್ಲಿ ಕಂಪ್ಯೂಟರಿಗೆಂದು ಒಂದು ತಂಪು ಕೋಣೆ ಮಾಡಿದ್ದರು. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ವತ್ಸಲಾ ಎಂಬಾಕೆ ಇದ್ದಳು, ದಿನಗೂಲಿಯ ಮೇಲಿದ್ದ ಟೈಪಿಸ್ಟು. ರಾಜ್ಯದ ಬಾಯ್ಲರುಗಳನ್ನೆಲ್ಲ ಆರು ತಿಂಗಳು ಕೂತು ಒಂದೊಂದಾಗಿ ಮೆಷಿನ್ನಿಗೆ ತುಂಬಿದವಳು ಅವಳು. ಸಂಪಂಗಿ ಹೇಳಿದ್ದನ್ನು ಕೇಳಿ ಅವಳ ಮುಖ ಬಿಳಿಚಿತು.

"ನಾನು ಕಾಪಿ ಮಾಡ್ದಾಗ ಪ್ರತಿಯೊಂದೂ ಓದಿಸಿ ನೋಡಿದೀನಿ ಕಣ್ರೀ. ಹತ್ತೊಂಬತ್ತೂ ಸರಿ ಇತ್ತು."

"ಇನ್ನೊಂದು ಮಾಡಿ. ನನ್ ಕಣ್ಣೆದುರಿಗೆ."

ಮಾಡಿದಳು. ಹೊಸ ಫ್ಲಾಪಿಗೆ ಪಶ್ಚಿಮ ವಿಭಾಗದ ಪಟ್ಟಿ ತುಂಬಿ, ಅಲ್ಲೇ ಓದಿಸಿದಳು. ನಾನೂರ ಎಂಟು, ನಾನೂರ ಒಂಬತ್ತು, ನಾನೂರ ಹತ್ತು. ಒಂದೂ ತಪ್ಪಿಲ್ಲದೆ ಬಂತು. ನಾನೂರ ಮೂವತ್ತಮೂರರಲ್ಲಿ ಅಕ್ಕನ ಕಾರ್ಖಾನೆ. ಚೀಟಿಯ ಅವಧಿ ಫೆಬ್ರವರಿ ಹತ್ತಕ್ಕೇ ಮುಗಿದಿತ್ತು.

ಸಂಪಂಗಿ ಕೈ ಚಾಚಿದ. ವತ್ಸಲಾ ಕೊಡಲಿಲ್ಲ.

"ಅಟೆಸ್ಟ್ ಆಗ್ಬೇಕು. ನಿಜ ಪ್ರತಿ ಅಂತ ಸಾಹೇಬ್ರ ರುಜು ಇಲ್ದೆ ಫ್ಲಾಪಿ ಈ ಬಾಗಿಲು ದಾಟಿದ್ರೆ ನಾಳೆಯಿಂದ ನಾನು ಮನೇಲಿರ್ತೀನಿ."

ಇಬ್ಬರೂ ಫ್ಲಾಪಿ ಹಿಡಿದು ಮೇಲಿನ ಮಹಡಿಗೆ ಹೋದರು. ಡೆಪ್ಯುಟಿ ಡೈರೆಕ್ಟರ್ ರೇವಣಸಿದ್ದಪ್ಪ ಗುಮಾಸ್ತರಾಗಿ ಸೇರಿ ಮೂವತ್ತೆರಡು ವರ್ಷದಲ್ಲಿ ಗೆಜೆಟೆಡ್ ಆಫೀಸರಾದವರು. ಫ್ಲಾಪಿಯನ್ನು ಮೇಜಿನ ಗಾಜಿನ ಮೇಲಿಟ್ಟುಕೊಂಡರು. ಲೇಬಲ್ಲಿನ ಮೇಲೆ ನಿಜ ಪ್ರತಿ ಎಂದು ರಬ್ಬರ್ ಸ್ಟಾಂಪ್ ಗುದ್ದಿದರು. ಆಮೇಲೆ ಬಾಲ್ ಪೆನ್ನು ತೆಗೆದರು.

ಸಂಪಂಗಿ ನೋಡುತ್ತ ನಿಂತ. ಮೂವತ್ತೆರಡು ವರ್ಷ ನಾಲ್ಕು ಕಾರ್ಬನ್ ಹಾಳೆಗಳ ಮೇಲೆ ರುಜು ಹಾಕಿದ ಕೈ ಅದು. ಐದನೆಯ ಪ್ರತಿಯಲ್ಲೂ ಹೆಸರು ಎದ್ದು ಕಾಣಬೇಕೆಂದು ಒತ್ತಿ ಒತ್ತಿ, ಹಗುರಾಗಿ ಬರೆಯುವುದು ಹೇಗೆಂಬುದನ್ನೇ ಮರೆತ ಕೈ. ಲೇಬಲ್ಲಿನಲ್ಲಿ ಜಾಗ ಸಾಲದೆ ರುಜು ಕೆಳಗಿನ ಕರಿ ಕವಚದ ಮೇಲೆ ಇಳಿಯಿತು. ಹೆಸರು, ಹುದ್ದೆ, ತಾರೀಖು, ಅಡಿಯಲ್ಲಿ ಎರಡು ಗೆರೆ. ಆ ತೆಳ್ಳನೆಯ ಕವಚದ ಒಳಗೆ, ಕೂದಲು ತಾಕಿದರೂ ಗಾಯವಾಗುವ ಹಾಳೆಯ ಮೇಲೆ, ನಾನೂರ ಚಿಲ್ಲರೆ ಬಾಯ್ಲರುಗಳು ಮಲಗಿದ್ದವು. ಪೆನ್ನಿನ ಮೊನೆ ಅವುಗಳ ಮೇಲೆ ನೇಗಿಲಿನ ಹಾಗೆ ಹೋಯಿತು.

"ಸಾರ್, ಒಂದ್ ನಿಮಿಷ," ಎಂದ ಸಂಪಂಗಿ. ಅಷ್ಟರಲ್ಲಿ ಎರಡನೆಯ ಗೆರೆಯೂ ಮುಗಿದಿತ್ತು. "ಮೊದಲನೇ ಎರಡು ಫ್ಲಾಪಿ ಮೇಲೂ ಹಿಂಗೇ ರುಜು ಹಾಕ್ತೀರಾ?"

"ಅವಕ್ಕೆ ಲೇಬಲ್ ಮೇಲೆ ಚಿಕ್ಕ ರುಜು ಸಾಕು. ಪತ್ರಕ್ಕೆ ಹೆಂಗೋ ಹಂಗೆ. ಎಲ್ಲಾ ಪುಟಕ್ಕೂ ಚಿಕ್ಕದು, ಕೊನೇ ಪುಟಕ್ಕೆ ಪೂರ್ತಿ. ಯಾಕೆ?"

ಸಂಪಂಗಿ ಫ್ಲಾಪಿಯನ್ನು ತಿರುಗಿಸಿ ತೋರಿಸಿದ. ಹಿಂದಿನ ಕವಚದಲ್ಲೂ ಬೆರಳಿಗೆ ಸಿಗುವ ಹಾಗೆ ಅಕ್ಷರಗಳು ಉಬ್ಬಿದ್ದವು. "ನೀವು ಬರೆದದ್ದು ಒಳಗಡೆ ಅಚ್ಚಾಗಿದೆ ಸಾರ್. ಮೂರನೇದು ಎಲ್ಲಾ ಕಡೇನೂ ಕೆಡೋದು ಇದಕ್ಕೇ. ಲೇಬಲ್ ಮೇಲೆ ಮೊದಲೇ ರುಜು ಹಾಕ್ಕೊಡಿ, ಆಮೇಲೆ ನಾವು ಅಂಟಿಸ್ಕೊಳ್ತೀವಿ."

"ಬಿಳೀ ಚೀಟಿಗೆ ರುಜು ಹಾಕಿ ನಿನ್ ಕೈಗೆ ಕೊಡ್ಬೇಕು. ನೀನು ಯಾವುದಕ್ಕೆ ಬೇಕಾದ್ರೂ ಅಂಟಿಸ್ಕೊಳ್ತೀಯ. ಎಷ್ಟು ಓದಿದೀಯಪ್ಪಾ ನೀನು?"

"ಎಂಟನೇ ಕ್ಲಾಸು."

"ಅದಕ್ಕೇ." ರೇವಣಸಿದ್ದಪ್ಪ ಪೆನ್ನಿನ ಮುಚ್ಚಳ ಹಾಕಿದರು. ದನಿ ಏರಿಸುವ ಮನುಷ್ಯ ಅವರಲ್ಲ. "ಹತ್ತೊಂಬತ್ತು ಕಚೇರೀಲೂ ಪೂರ್ತಿಯಾಗಿದೆ ಅಂತ ನಿನ್ನೆ ಸಂಜೆ ನಾನು ವಿಧಾನಸೌಧಕ್ಕೆ ಬರೆದಾಯ್ತು. ಹತ್ತೊಂಬತ್ತು ವರದಿ ಮೇಲೂ ನಿನ್ನ ರುಜು ಇದೆ. ಈಗ ಕೆಟ್ಟಿದೆ ಅಂದ್ರೆ ಅದು ನಿನ್ನ ಕೆಲಸ ಕೆಟ್ಟಿದೆ ಅಂತ. ನಿಮ್ಮ ಕಂಪನಿಗೆ ಪತ್ರ ಬರೀಲಾ, ಇಲ್ಲ ಸುಮ್ಮನೆ ಹೋಗ್ತೀಯಾ?"

ಕೆಳಗೆ ಬಂದು ಆ ಫ್ಲಾಪಿಯನ್ನು ಮೆಷಿನ್ನಿಗೆ ಹಾಕಿದರು. ಕರಕರ ಕೆರೆತ. ಎ, ಆರ್, ಐ.

ವತ್ಸಲಾ ಬಾಗಿಲ ಕಡೆ ನೋಡಿ, ಪ್ರಿಂಟರಿಗೆ ಕಾಗದ ಸೇರಿಸಿದಳು. ನಲವತ್ತೊಂದು ಸಾಲು ಬರುವ ತನಕ ಸಂಪಂಗಿ ಬಾಗಿಲಿಗೆ ಅಡ್ಡ ನಿಂತ. ಅವಳು ಹಾಳೆ ಹರಿದು ಅವನ ಕೈಗಿಟ್ಟಳು.

"ರುಜು ಇಲ್ಲ, ಸ್ಟಾಂಪ್ ಇಲ್ಲ. ಯಾರು ಕೊಟ್ರು ಅಂತ ಹೇಳ್ಬೇಡಿ. ಮಿಕ್ಕಿದ್ ಹದಿನೆಂಟು ಕಚೇರೀಲಿ ಏನೇನ್ ಹೋಗಿದೆಯೋ ಯಾರ್ ನೋಡ್ತಾರೆ?"

ಸಂಪಂಗಿ ಗೋಡೆಯ ಗಡಿಯಾರ ನೋಡಿದ. ಗಂಟೆ ಒಂದೂವರೆಯಾಗಿತ್ತು. ಅಂಜಮ್ಮನ ಪಾಳಿ ಎರಡಕ್ಕೆ.

ಕಾರ್ಖಾನೆಗೆ ಅವನು ತಲುಪಿದಾಗ ಹೆಂಗಸರೆಲ್ಲ ಒಳಗೆ ಹೋಗಿ ಆಗಿತ್ತು. ಅಂಗಳಕ್ಕೆ ಕಾಲಿಡುತ್ತಲೇ ಆ ಸದ್ದು ಕೇಳಿಸಿತು. ಅಕ್ಕ ಹೇಳಿದ್ದು ಸುಳ್ಳಲ್ಲ. ಯಾರೋ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದ ಹಾಗಿತ್ತು. ತಗಡಿನ ಶೆಡ್ಡಿನ ಒಂದು ತುದಿಗೆ ಬಾಯ್ಲರು, ಅದರ ಪಕ್ಕಕ್ಕೇ ತೊಟ್ಟಿಗಳ ಸಾಲು. ಹಬೆಯ ನಡುವೆ ಹದಿನಾಲ್ಕು ಹೆಂಗಸರು ಬಗ್ಗುತ್ತ ಏಳುತ್ತ ಇದ್ದರು.

ಸಾಹುಕಾರರು ಆಫೀಸಿನ ಕೋಣೆಯಲ್ಲಿ ಎಳನೀರು ಕುಡಿಯುತ್ತಿದ್ದರು. ಸಂಪಂಗಿ ಪಟ್ಟಿ ತೋರಿಸಿದ. ಫೆಬ್ರವರಿ ಹತ್ತು ಎಂಬುದರ ಮೇಲೆ ಬೆರಳಿಟ್ಟ. "ಇವತ್ತೇ ಆರಿಸಿ ಸಾರ್. ಆಮೇಲೆ ನನ್ ಮೇಲೆ ಏನು ಬೇಕಾದ್ರೂ ಮಾಡಿ."

ಸಾಹುಕಾರರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ರುಜು ಇಲ್ಲವಲ್ಲಯ್ಯಾ ಇದಕ್ಕೆ," ಎಂದು ಫೋನು ಎತ್ತಿ ವಿಜಯನಗರದ ಕಚೇರಿಗೆ ತಿರುಗಿಸಿದರು. ನಂಜುಂಡಪ್ಪನವರ ದನಿ ಫೋನಿನಿಂದ ಹೊರಗೂ ಕೇಳಿಸುತ್ತಿತ್ತು. ನಾನೂರ ಮೂವತ್ತಮೂರಾ, ಇರಿ ನೋಡ್ತೀನಿ, ಎಂದರು. ಕೀಲಿ ಒತ್ತುವ ಸದ್ದು. ಆಮೇಲೆ, ಇಲ್ಲ ಸ್ವಾಮಿ, ಅಂಥಾ ಬಾಯ್ಲರೇ ಇಲ್ಲ, ಕಂಪ್ಯೂಟರೇ ಹೇಳ್ತಾ ಇದೆ.

ಸಾಹುಕಾರರ ಮುಖ ಅರಳಿತು. "ಕೇಳಿಸ್ತಾ? ನನ್ನ ಹತ್ರ ಬಾಯ್ಲರೇ ಇಲ್ಲವಂತೆ. ಇಲ್ಲದೇ ಇರೋದನ್ನ ಹೆಂಗಪ್ಪಾ ಆರಿಸ್ಲಿ? ಅಂಜಮ್ಮನ ತಮ್ಮ ಅಂತ ಸುಮ್ನಿದೀನಿ. ನಡಿ."

ಸಂಪಂಗಿ ಹೊರಗೆ ಬಂದ. ಸೀದಾ ಬಾಯ್ಲರಿನ ಹತ್ತಿರ ಹೋದ. ಬೆಟ್ಟಯ್ಯ ಸೌದೆ ಒಟ್ಟುತ್ತಿದ್ದ. ಹೊಟ್ಟೆಯ ಕೆಳಗೆ ಸುತ್ತಿದ್ದ ಹಗ್ಗದಿಂದ ಕೆಂಪು ನೀರು ತೊಟ್ಟಿಕ್ಕಿ ಬೂದಿಯ ಮೇಲೆ ಚುಂಯ್ ಎನ್ನುತ್ತಿತ್ತು.

"ಏನ್ ತಾತಾ ಇದು?"

"ಸಾಯೋ ಕಾಲ ಬಂದಿದ್ದು ಗೊತ್ತಾಗಿ ಮಾತಾಡ್ತಾ ಐತೆ," ಎಂದ ಬೆಟ್ಟಯ್ಯ. "ನಾನು ಹೇಳ್ದೆ. ಬಾಯಿ ಮುಚ್ಕೊಂಡು ಸೌದೆ ಹಾಕು ಅಂದ್ರು."

"ಆರಿಸೋದು ಹೆಂಗೆ?"

ಮುದುಕ ಅವನ ಮುಖವನ್ನು ಅಳೆದು ನೋಡಿದ. "ನೀರು ಎರಚಿದ್ರೆ ಈಗ್ಲೇ ಒಡೀತದೆ. ಬೆಂಕಿ ಈಚೆ ಎಳೀಬೇಕು, ಕೊಳ್ಳಿ ಕೆಂಡ ಎಲ್ಲಾನೂ. ತೊಟ್ಟಿ ಕಡೆ ಹಬೆ ಹಂಗೇ ಹರೀತಾ ಇರ್ಬೇಕು. ಕೊಂಡಿ ಕೋಲು ಅಲ್ಲಿ ಐತೆ." ಬೀಡಿ ಕಿವಿಯ ಸಂದಿಯಿಂದ ತೆಗೆದ. "ನಾನು ಬೀಡಿ ಸೇದಕ್ಕೆ ಹೋಗ್ತಾ ಇದೀನಿ. ಗೇಟಿನವನನ್ನೂ ಕರ್ಕೊಂಡು ಹೋಗ್ತೀನಿ."

ಸಂಪಂಗಿ ಕಬ್ಬಿಣದ ಬಾಗಿಲು ತೆಗೆದ. ಹುಬ್ಬಿನ ಕೂದಲು ಚರ್ರೆಂದು ಸುಟ್ಟವು. ಕೊಂಡಿ ಕೋಲು ಹಾಕಿ ಮೊದಲ ಕೊಳ್ಳಿ ಎಳೆದ. ಎರಡನೆಯದು. ಮೂರನೆಯದು. ಉರಿಯುವ ದಿಮ್ಮಿಗಳನ್ನು ಅಂಗಳಕ್ಕೆ ಎಳೆದೆಳೆದು ಹಾಕಿದ. ತನ್ನ ಮೇಲಿನ ಸಿಟ್ಟು, ಆ ಪೆನ್ನಿನ ಮೇಲಿನ ಸಿಟ್ಟು, ಕೋಸಂಬರಿಯ ಕಾಳಿನ ಮೇಲಿನ ಸಿಟ್ಟು ಎಲ್ಲ ತೋಳಿಗೆ ಬಂದಿತ್ತು. ಹೆಂಗಸರು ಗಾಬರಿಯಾಗಿ ತೊಟ್ಟಿ ಬಿಟ್ಟು ಅಂಗಳಕ್ಕೆ ಓಡಿಬಂದರು. ಸಾಹುಕಾರರು ಕೂಗಾಡುತ್ತ ಬಂದವರು ಅವನ ಕೈಯಲ್ಲಿದ್ದ ಕೆಂಪಗೆ ಕಾದ ಕೋಲು ಕಂಡು ಅಲ್ಲೇ ನಿಂತು, ಪೊಲೀಸರಿಗೆ ಫೋನು ಮಾಡಲು ಓಡಿದರು.

ಅಂಜಮ್ಮ ನೀಲಿ ಕೈ ಎತ್ತಿ ಅವನ ಕೆನ್ನೆಗೆ ಬಾರಿಸಿದಳು. "ಹನ್ನೆರಡು ವರ್ಷದ ಕೆಲಸ ಕಣೋ. ಒಂದೇ ಏಟಿಗೆ ಕಳೆದ್ಯಲ್ಲೋ."

ಬಾಯ್ಲರಿನ ಸದ್ದು ಮೆಲ್ಲಗೆ ಇಳಿಯುತ್ತಿತ್ತು. ಅಳು ನರಳಾಟವಾಯಿತು, ನರಳಾಟ ಉಸಿರಾಯಿತು. ಮುಕ್ಕಾಲು ಗಂಟೆಯ ಮೇಲೆ ಒತ್ತಡದ ಮೀಟರಿನ ಮುಳ್ಳು ಸೊನ್ನೆಗೆ ಬಂದಾಗ ಬೆಟ್ಟಯ್ಯ ಕೈಗೆ ಗೋಣಿ ಸುತ್ತಿಕೊಂಡು ಬಗ್ಗಿ ಹಗ್ಗ ಬಿಚ್ಚಿದ. ಯಾರನ್ನೂ ಕರೆಯಲಿಲ್ಲ. ಹೆಂಗಸರೇ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ತಗಡು ಬಸುರಿ ಹೊಟ್ಟೆಯ ಹಾಗೆ ಹೊರಕ್ಕೆ ಉಬ್ಬಿತ್ತು. ಉಬ್ಬಿನ ಮೇಲೆ ಒಂದು ಗೇಣುದ್ದದ ಬಿರುಕು, ಅದರಲ್ಲಿ ಉಗುರು ತೂರುವಷ್ಟು ಸಂದು.

ಅಂಜಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಪೊಲೀಸರು ಬಂದಾಗ ಸಂಪಂಗಿ ತಾನಾಗಿಯೇ ಜೀಪು ಹತ್ತಿದ. ಹೆಡ್ ಕಾನ್ಸ್‌ಟೇಬಲ್ಲು ಅವನ ಜೇಬು ತಡಕಿ, ಬಸ್ ಪಾಸು, ಸ್ಕ್ರೂ ಡ್ರೈವರು, ಮಡಿಸಿದ ಹಾಳೆ ಎಲ್ಲವನ್ನೂ ತನ್ನ ಟೋಪಿಯೊಳಗೆ ಹಾಕಿಕೊಂಡ.

"ಸಾರ್, ಆ ಹಾಳೆ ನೋಡಿ. ಅದರಲ್ಲಿ ಇನ್ನೂ ನಲವತ್ತು ಇವೆ. ಅವಕ್ಕೂ ಯಾರೂ ಹೋಗಿಲ್ಲ."

"ನಲವತ್ತು ಕಡೆ ದಾಂಧಲೆ ಮಾಡೋಕೆ ಪಟ್ಟಿ ಬೇರೆ ಇಟ್ಕೊಂಡಿದೀಯಾ? ಜೋರಾಗಿದೀಯ ಮಗಾ."

"ಇದ್ರಲ್ಲಿ ಒಂದು ಆಸ್ಪತ್ರೆ ಬಟ್ಟೆ ಒಗಿಯೋದು ಸಾರ್. ಒಂದು ಬಿಸ್ಕೆಟ್ ಫ್ಯಾಕ್ಟ್ರಿ. ಒಂದು ಸ್ಕೂಲ್ ಪಕ್ಕದಲ್ಲೇ ಇದೆ. ಓದಿ ನೋಡಿ."

"ಸ್ಟೇಷನ್ನಲ್ಲಿ ಬರ್ಕೊಳೋಣ. ಯಾರ ರುಜೂನೂ ಇಲ್ಲ ಇದಕ್ಕೆ. ಕೂತ್ಕೋ ಸುಮ್ನೆ."

ಜೀಪು ಮಾಗಡಿ ರಸ್ತೆಗೆ ಬಂದು ಲಾರಿಗಳ ಹಿಂದೆ ನಿಂತಿತು. ಎಡಗಡೆ ಗಾರ್ಮೆಂಟ್ ಬಟ್ಟೆ ಒಗೆದು ಇಸ್ತ್ರಿ ಮಾಡುವ ಒಂದು ಶೆಡ್ಡು. ಬೋರ್ಡು ಓದಿದ ಸಂಪಂಗಿಗೆ ಅದರ ನಂಬರು ನೆನಪಿತ್ತು, ನಾನೂರ ಹದಿನೇಳು. ಚೀಟಿ ಮುಗಿದು ಎರಡು ತಿಂಗಳು. ಅವನು ಎದ್ದು ನಿಲ್ಲಲು ಹೋದ. ಕಾನ್ಸ್‌ಟೇಬಲ್ಲು ಹೆಗಲು ಹಿಡಿದು ಕೂರಿಸಿದ. ಒಳಗಿನಿಂದ ನಾಲ್ಕು ಗಂಟೆಯ ಸೈರನ್ನು ಕೂಗಿತು, ಟಿಫಿನ್ ಡಬ್ಬಿ ಹಿಡಿದ ಹುಡುಗಿಯರು ನಗುತ್ತ, ಒಬ್ಬರನ್ನೊಬ್ಬರು ತಳ್ಳಿಕೊಳ್ಳುತ್ತ ಗೇಟಿನೊಳಗೆ ಹೋಗತೊಡಗಿದರು.